ಹಂಚಿಕೆಯ ಸರ್ವರ್‌ಗಳಲ್ಲಿ ಪ್ರೊಸೆಸರ್ ಮತ್ತು ಮೆಮೊರಿ ನಿರ್ವಹಣೆ

ಒಂದೇ ಸರ್ವರ್‌ನಲ್ಲಿ ಏಕಕಾಲಕ್ಕೆ ನಡೆಯುವ ಹಲವು ಅಪ್ಲಿಕೇಶನ್‌ಗಳ ನಡುವೆ ಪ್ರೊಸೆಸರ್‌ನ ಸಮಯವನ್ನೂ ಮೆಮೊರಿಯನ್ನೂ ನಿಯಮದ ಪ್ರಕಾರ ಹಂಚುವ, ಒಂದರ ಅತಿಬಳಕೆಯಿಂದ ಇನ್ನೊಂದು ಕೆಡದಂತೆ ಕಾಯುವ ವಿಧಾನಗಳನ್ನು ಒಟ್ಟಾಗಿ ಸಂಪನ್ಮೂಲ ನಿರ್ವಹಣೆ ಎನ್ನುತ್ತಾರೆ. ಈ ಕೆಲಸದ ಮುಖ್ಯ ಹೊಣೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನದು. ವೆಬ್ ಹೋಸ್ಟಿಂಗ್, ಕ್ಲೌಡ್ ಸೇವೆ, ವಿಶ್ವವಿದ್ಯಾಲಯಗಳ ಗಣನ ಕೇಂದ್ರ, ಒಂದೇ ಯಂತ್ರದಲ್ಲಿ ಹಲವು ಸೇವೆಗಳನ್ನು ನಡೆಸುವ ಕಚೇರಿ ಸರ್ವರ್, ಇವೆಲ್ಲಕ್ಕೂ ಇದೇ ಆಧಾರ. ಸರ್ವರ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಲಿನಕ್ಸ್‌ನ ಸಿಗ್ರೂಪ್ ವ್ಯವಸ್ಥೆಯನ್ನು ಮುಖ್ಯವಾಗಿಟ್ಟುಕೊಂಡು ಈ ಲೇಖನ ವಿಷಯವನ್ನು ವಿವರಿಸುತ್ತದೆ.

ಪ್ರೊಸೆಸರ್ ಮತ್ತು ಮೆಮೊರಿ ಎರಡೂ ಹಂಚಿಕೊಳ್ಳುವ ವಸ್ತುಗಳೇ ಆದರೂ ಅವುಗಳ ಸ್ವಭಾವ ಒಂದೇ ಅಲ್ಲ. ಪ್ರೊಸೆಸರ್‌ನ ಸಮಯ ಕ್ಷಣಕ್ಷಣಕ್ಕೂ ಹೊಸದಾಗಿ ಒದಗುತ್ತದೆ. ಒಂದು ಅಪ್ಲಿಕೇಶನ್‌ನಿಂದ ಅದನ್ನು ಕಿತ್ತುಕೊಂಡು ಇನ್ನೊಂದಕ್ಕೆ ಕೊಟ್ಟರೆ ಮೊದಲನೆಯದು ತಡವಾಗುತ್ತದೆ, ಅಷ್ಟೇ. ಮೆಮೊರಿ ಹಾಗಲ್ಲ. ಅದರೊಳಗೆ ಅಪ್ಲಿಕೇಶನ್ ಬರೆದಿಟ್ಟ ಮಾಹಿತಿ ಇರುತ್ತದೆ. ಆ ಮಾಹಿತಿಯನ್ನು ಬೇರೆಡೆ ಉಳಿಸದೆ ಜಾಗವನ್ನು ಹಿಂದಕ್ಕೆ ಪಡೆದರೆ ಅಪ್ಲಿಕೇಶನ್ ಮುಂದುವರಿಯಲಾರದು. ಈ ಕ್ಷೇತ್ರದ ಬಹುತೇಕ ವಿನ್ಯಾಸಗಳೂ ಬಹುತೇಕ ತೊಡಕುಗಳೂ ಈ ಒಂದು ವ್ಯತ್ಯಾಸದಿಂದ ಹುಟ್ಟಿದವು.

ಪರಿಭಾಷೆ

ನಡೆಯುತ್ತಿರುವ ಪ್ರೋಗ್ರಾಮ್‌ಗೆ ಪ್ರೊಸೆಸ್ ಎಂದೂ, ಪ್ರೊಸೆಸ್‌ನೊಳಗೆ ಸ್ವತಂತ್ರವಾಗಿ ಸಾಗುವ ಕೆಲಸದ ಎಳೆಗೆ ಥ್ರೆಡ್ ಎಂದೂ ಹೆಸರು. ಪ್ರೊಸೆಸರ್ ಚಿಪ್‌ನಲ್ಲಿ ತಾನೇ ಸೂಚನೆಗಳನ್ನು ನಡೆಸಬಲ್ಲ ಘಟಕ ಕೋರ್. ಯಾವ ಥ್ರೆಡ್ ಯಾವ ಕೋರ್‌ನಲ್ಲಿ ಎಷ್ಟು ಹೊತ್ತು ನಡೆಯಬೇಕೆಂದು ತೀರ್ಮಾನಿಸುವ ಕರ್ನಲ್‌ನ ಭಾಗ ಶೆಡ್ಯೂಲರ್. ಕರ್ನಲ್ ಮೆಮೊರಿಯನ್ನು ಪುಟಗಳ ಲೆಕ್ಕದಲ್ಲಿ ಹಂಚುತ್ತದೆ. ಎಕ್ಸ್86 ಯಂತ್ರಗಳಲ್ಲಿ ಸಾಮಾನ್ಯ ಪುಟದ ಅಳತೆ 4 ಕಿಲೋಬೈಟ್. ಮೆಮೊರಿಯಲ್ಲಿ ಜಾಗ ಸಾಲದಾಗ ಪುಟಗಳನ್ನು ಡಿಸ್ಕ್‌ಗೆ ಸಾಗಿಸಿ, ಬೇಕಾದಾಗ ಮರಳಿ ತರುವ ಕ್ರಮ ಸ್ವಾಪ್. ಹೀಗೆ ತಂದು ಹಾಕುವುದರಲ್ಲೇ ಯಂತ್ರದ ಸಮಯವೆಲ್ಲ ಕಳೆದು, ನಿಜವಾದ ಕೆಲಸ ನಿಂತುಹೋಗುವ ಸ್ಥಿತಿ ಥ್ರಾಶಿಂಗ್.

ಹುಟ್ಟು ಮತ್ತು ಬೆಳವಣಿಗೆ

ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸುವ ಟೈಮ್‌ಶೇರಿಂಗ್ ಪದ್ಧತಿಯೊಂದಿಗೇ ಈ ಸಮಸ್ಯೆ ಹುಟ್ಟಿತು. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಾಟೊ ಅವರ ತಂಡ 1961ರ ನವೆಂಬರ್‌ನಲ್ಲಿ ಐಬಿಎಂ 709 ಯಂತ್ರದ ಮೇಲೆ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ನಡೆಸಿ ತೋರಿಸಿತು. ಮುಂದೆ ಅದು ಐಬಿಎಂ 7094 ಯಂತ್ರಕ್ಕೆ ಸಾಗಿತು. ಆ ಯಂತ್ರದಲ್ಲಿ ತಲಾ 32 ಸಾವಿರದಷ್ಟು ಪದಗಳ ಎರಡು ಮೆಮೊರಿ ಖಾನೆಗಳಿದ್ದವು: ಒಂದು ನಿಯಂತ್ರಕ ಪ್ರೋಗ್ರಾಮ್‌ಗೆ, ಇನ್ನೊಂದು ಬಳಕೆದಾರರಿಗೆ. ಬಳಕೆದಾರರ ಕೆಲಸಗಳನ್ನು ಹಲವು ಸಾಲುಗಳಲ್ಲಿ ನಿಲ್ಲಿಸಿ, ದೀರ್ಘ ಕೆಲಸವನ್ನು ಹಂತಹಂತವಾಗಿ ಕೆಳಗಿನ ಸಾಲಿಗೆ ಇಳಿಸುವ ಕ್ರಮ ಇಲ್ಲಿಯೇ ರೂಪುಗೊಂಡಿತು. ಚಿಕ್ಕ ಆಜ್ಞೆ ಕೊಟ್ಟವರಿಗೆ ಉತ್ತರ ಬೇಗ ಸಿಗಬೇಕು, ದೊಡ್ಡ ಲೆಕ್ಕದವರು ಸ್ವಲ್ಪ ಕಾಯಬಹುದು ಎಂಬುದು ಅದರ ತರ್ಕ. ಕಾರ್ಬಾಟೊ ಅವರಿಗೆ 1990ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಮೆಮೊರಿಯ ಕಡೆಯ ಅಡಿಪಾಯ ಹಾಕಿದವರು ಪೀಟರ್ ಡೆನ್ನಿಂಗ್. ಒಂದು ಪ್ರೋಗ್ರಾಮ್ ಇತ್ತೀಚಿನ ನಿರ್ದಿಷ್ಟ ಅವಧಿಯಲ್ಲಿ ಮುಟ್ಟಿದ ಪುಟಗಳ ಗುಂಪನ್ನು ಅವರು 1968ರಲ್ಲಿ ವರ್ಕಿಂಗ್ ಸೆಟ್ ಎಂದು ಕರೆದರು. ಎಲ್ಲ ಪ್ರೋಗ್ರಾಮ್‌ಗಳ ವರ್ಕಿಂಗ್ ಸೆಟ್‌ಗಳು ಮೆಮೊರಿಯಲ್ಲಿ ಹಿಡಿಸದಿದ್ದರೆ ಥ್ರಾಶಿಂಗ್ ತಪ್ಪದು ಎಂದು ತೋರಿಸಿಕೊಟ್ಟರು. ಹಾಗಾಗಿ ಮೆಮೊರಿಯ ವಿಷಯದಲ್ಲಿ ಸ್ವಲ್ಪ ಸ್ವಲ್ಪವೇ ಎಲ್ಲರಿಗೂ ಹಂಚುವುದು ಯಾವಾಗಲೂ ಸರಿಯಲ್ಲ. ಕೆಲವರನ್ನು ಪೂರ್ತಿ ಹೊರಗೆ ಕಾಯಿಸಿ ಉಳಿದವರಿಗೆ ಸಾಕಷ್ಟು ಕೊಡುವುದೇ ಮೇಲಾಗಬಹುದು. ಅರ್ಧ ಶತಮಾನ ಕಳೆದರೂ ಈ ತೀರ್ಮಾನ ಹಳತಾಗಿಲ್ಲ.

ಯುನಿಕ್ಸ್ ವ್ಯವಸ್ಥೆ ಆದ್ಯತೆಯನ್ನು ತಗ್ಗಿಸುವ ನೈಸ್ ಆಜ್ಞೆಯನ್ನು ಕೊಟ್ಟಿತು. 1980ರ ದಶಕದ ಬಿಎಸ್‌ಡಿ ಯುನಿಕ್ಸ್ ಪ್ರತಿ ಪ್ರೊಸೆಸ್‌ಗೆ ಮಿತಿ ಹಾಕುವ ಸೌಲಭ್ಯವನ್ನು ತಂದಿತು. ಎರಡೂ ಪ್ರೊಸೆಸ್‌ನ ಮಟ್ಟದಲ್ಲಿ ಕೆಲಸ ಮಾಡುತ್ತಿದ್ದುದರಿಂದ ಹತ್ತು ಪ್ರೊಸೆಸ್‌ಗಳನ್ನು ಹುಟ್ಟುಹಾಕಿದವನಿಗೆ ಒಂದೇ ಪ್ರೊಸೆಸ್ ನಡೆಸುವವನ ಹತ್ತರಷ್ಟು ಪಾಲು ಸಿಗುತ್ತಿತ್ತು. ಸಿಡ್ನಿ ವಿಶ್ವವಿದ್ಯಾಲಯದ ಜೂಡಿ ಕೇ ಮತ್ತು ಪಿಯರ್ಸ್ ಲಾಡರ್ 1988ರಲ್ಲಿ ಪ್ರಕಟಿಸಿದ ಫೇರ್ ಷೇರ್ ಶೆಡ್ಯೂಲರ್ ಈ ಅನ್ಯಾಯಕ್ಕೆ ಪರಿಹಾರವಾಗಿತ್ತು. ಅದು ಪಾಲನ್ನು ಪ್ರೊಸೆಸ್‌ಗೆ ಕೊಡದೆ ಬಳಕೆದಾರರಿಗೆ ಕೊಟ್ಟಿತು. ಹಿಂದೆ ಎಷ್ಟು ಬಳಸಿದ್ದಾರೆ ಎಂಬ ಲೆಕ್ಕವನ್ನೂ ಇಟ್ಟು, ದಿನ ಕಳೆದಂತೆ ಆ ಲೆಕ್ಕವನ್ನು ಕ್ರಮೇಣ ಮನ್ನಾ ಮಾಡಿತು. 1994ರಲ್ಲಿ ಕಾರ್ಲ್ ವಾಲ್ಡ್‌ಸ್ಪರ್ಗರ್ ಮತ್ತು ವಿಲಿಯಂ ವೈಲ್ ಪಾಲುಗಳನ್ನು ಚೀಟಿಗಳಾಗಿ ಹಂಚಿ ಲಾಟರಿ ಎತ್ತುವ ಶೆಡ್ಯೂಲರನ್ನು ಮಂಡಿಸಿದರು. ಅದೇ ಕಾಲದಲ್ಲಿ ಐಬಿಎಂ ತನ್ನ ಮೇನ್‌ಫ್ರೇಮ್‌ಗಳಿಗೆ ವರ್ಕ್‌ಲೋಡ್ ಮ್ಯಾನೇಜರ್ ಒದಗಿಸಿತು. ಇದರಲ್ಲಿ ಆಡಳಿತಗಾರರು ಪಾಲನ್ನು ಸೂಚಿಸದೆ, ಇಂಥ ಕೆಲಸ ಇಷ್ಟು ಸಮಯದಲ್ಲಿ ಮುಗಿಯಬೇಕು ಎಂಬ ಗುರಿಯನ್ನೇ ಸೂಚಿಸುತ್ತಾರೆ.

2000ದಲ್ಲಿ ಫ್ರೀಬಿಎಸ್‌ಡಿಯ ಜೈಲ್, 2005ರಲ್ಲಿ ಸೋಲಾರಿಸ್ 10ರ ಜೋನ್ ಬಂದವು. ಒಂದೇ ಕರ್ನಲ್‌ನ ಮೇಲೆ ಪ್ರತ್ಯೇಕ ಯಂತ್ರಗಳಂತೆ ತೋರುವ ಕೋಣೆಗಳನ್ನು ಕಟ್ಟುವುದು ಇವುಗಳಿಂದ ಸಾಧ್ಯವಾಯಿತು. ಲಿನಕ್ಸ್‌ನಲ್ಲಿ ಈ ಕೆಲಸವನ್ನು ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಆರಂಭಿಸಿದರು. ಮೊದಲಿಗೆ ಪ್ರೊಸೆಸ್ ಕಂಟೇನರ್ ಎಂದಿದ್ದ ಹೆಸರು 2007ರಲ್ಲಿ ಕಂಟ್ರೋಲ್ ಗ್ರೂಪ್ ಎಂದಾಯಿತು. ಅದರ ಸಂಕ್ಷಿಪ್ತ ರೂಪವೇ ಸಿಗ್ರೂಪ್. 2008ರ ಜನವರಿಯಲ್ಲಿ ಹೊರಬಂದ 2.6.24 ಆವೃತ್ತಿಯಲ್ಲಿ ಅದು ಕರ್ನಲ್ ಸೇರಿತು.

ಸಿಗ್ರೂಪ್‌ನ ಮುಖ್ಯ ಅಂಗಗಳ ರಚನೆಯಲ್ಲಿ ಬೆಂಗಳೂರಿನ ಪಾಲು ನೇರವಾದದ್ದು. ಐಬಿಎಂನ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಬೆಂಗಳೂರು ತಂಡದಲ್ಲಿದ್ದ ಶ್ರೀವತ್ಸ ವಡ್ಡಗಿರಿ ಶೆಡ್ಯೂಲರ್ ಗುಂಪುಗಳ ನಡುವೆ ಸಮಯ ಹಂಚುವಂತೆ ಮಾಡುವ ಕೆಲಸದಲ್ಲಿ ಪ್ರಮುಖರು. ಐಬಿಎಂನವರೇ ಆದ ಬಲ್ಬೀರ್ ಸಿಂಗ್ ಮೆಮೊರಿ ನಿಯಂತ್ರಕದ ಮುಖ್ಯ ಕರ್ತೃ. ಅದು 2008ರ 2.6.25 ಆವೃತ್ತಿಯಲ್ಲಿ ಸೇರಿತು. ಪ್ರೊಸೆಸರ್ ಬಳಕೆಗೆ ಕಟ್ಟುನಿಟ್ಟಿನ ಮೇಲ್ಮಿತಿ ಹಾಕುವ ಸೌಲಭ್ಯವನ್ನು ಗೂಗಲ್‌ನ ಪಾಲ್ ಟರ್ನರ್ ಮತ್ತು ನಿಖಿಲ್ ರಾವ್ ಅವರೊಂದಿಗೆ ಐಬಿಎಂನ ಭರತ ಬಿ. ರಾವ್ ರೂಪಿಸಿದರು. 2012ರ ಜನವರಿಯ 3.2 ಆವೃತ್ತಿಯಿಂದ ಅದು ಲಭ್ಯ. ಇಂದು ಜಗತ್ತಿನಾದ್ಯಂತ ಕಂಟೇನರ್‌ಗಳು, ಅಂದರೆ ಒಂದೇ ಕರ್ನಲ್‌ನ ಮೇಲೆ ಕಟ್ಟಿದ ಇಂಥ ಕೋಣೆಗಳು, ಅವಲಂಬಿಸಿರುವುದು ಈ ಮೂರು ಅಂಗಗಳನ್ನೇ.

ಸಿಗ್ರೂಪ್‌ನ ರಚನೆ

ಸಿಗ್ರೂಪ್ ಎಂದರೆ ಪ್ರೊಸೆಸ್‌ಗಳ ಒಂದು ಗುಂಪು. ಗುಂಪಿನೊಳಗೆ ಗುಂಪುಗಳಿದ್ದು, ಒಟ್ಟು ರಚನೆ ಮರದ ಆಕಾರದಲ್ಲಿರುತ್ತದೆ. ಕರ್ನಲ್ ಇದನ್ನು ಫೈಲ್ ವ್ಯವಸ್ಥೆಯ ರೂಪದಲ್ಲಿ ತೋರಿಸುತ್ತದೆ: ಡೈರೆಕ್ಟರಿ ಮಾಡಿದರೆ ಗುಂಪು ಹುಟ್ಟುತ್ತದೆ, ಅದರೊಳಗಿನ ಫೈಲ್‌ಗೆ ಒಂದು ಸಂಖ್ಯೆ ಬರೆದರೆ ಮಿತಿ ಜಾರಿಗೆ ಬರುತ್ತದೆ. ಪ್ರೊಸೆಸ್ ಒಂದು ಮರಿ ಪ್ರೊಸೆಸನ್ನು ಹುಟ್ಟಿಸಿದರೆ ಅದೂ ಅದೇ ಗುಂಪಿನಲ್ಲಿ ಉಳಿಯುತ್ತದೆ. ಹಾಗಾಗಿ ಪ್ರೊಸೆಸ್‌ಗಳ ಸಂಖ್ಯೆ ಹೆಚ್ಚಿಸಿ ಹೆಚ್ಚಿನ ಪಾಲು ಗಿಟ್ಟಿಸುವ ಹಳೆಯ ದಾರಿ ಮುಚ್ಚಿದೆ. ಪ್ರತಿ ಸಂಪನ್ಮೂಲಕ್ಕೂ ಒಂದು ನಿಯಂತ್ರಕವಿದೆ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಓದುಬರಹ, ಪ್ರೊಸೆಸ್‌ಗಳ ಸಂಖ್ಯೆ ಇವು ಮುಖ್ಯವಾದವು.

ಮೊದಲ ಆವೃತ್ತಿಯಲ್ಲಿ ಪ್ರತಿ ನಿಯಂತ್ರಕಕ್ಕೂ ಬೇರೆ ಬೇರೆ ಮರ ಇರಬಹುದಾಗಿತ್ತು. ಒಂದೇ ಪ್ರೊಸೆಸ್ ಮೆಮೊರಿಯ ಲೆಕ್ಕಕ್ಕೆ ಒಂದು ಗುಂಪಿನಲ್ಲಿ, ಡಿಸ್ಕ್‌ನ ಲೆಕ್ಕಕ್ಕೆ ಮತ್ತೊಂದರಲ್ಲಿ ಇದ್ದಾಗ, ಮೆಮೊರಿಯಲ್ಲಿ ಬರೆದು ಆಮೇಲೆ ಡಿಸ್ಕ್‌ಗೆ ಹೋಗುವ ಮಾಹಿತಿಯ ಖರ್ಚನ್ನು ಯಾರ ಹೆಸರಿಗೆ ಹಾಕಬೇಕೆಂದು ಕರ್ನಲ್‌ಗೆ ತಿಳಿಯುತ್ತಿರಲಿಲ್ಲ. ಟೇಜುನ್ ಹಿಯೊ ಅವರ ನೇತೃತ್ವದಲ್ಲಿ ತಯಾರಾದ ಎರಡನೆಯ ಆವೃತ್ತಿ ಎಲ್ಲ ನಿಯಂತ್ರಕಗಳಿಗೂ ಒಂದೇ ಮರವನ್ನು ಕಡ್ಡಾಯ ಮಾಡಿತು. 2016ರ 4.5 ಕರ್ನಲ್‌ನಲ್ಲಿ ಅದು ಅಧಿಕೃತವಾಯಿತು. ಅದರ ಪ್ರೊಸೆಸರ್ ನಿಯಂತ್ರಕ ಮಾತ್ರ 2018ರ ಜನವರಿಯ 4.15ರವರೆಗೆ ಕಾಯಬೇಕಾಯಿತು.

ಪ್ರೊಸೆಸರ್ ಹಂಚಿಕೆ

ಪ್ರೊಸೆಸರ್ ಹಂಚಲು ಮೂರು ದಾರಿಗಳಿವೆ: ತೂಕ, ಮೇಲ್ಮಿತಿ, ಕೋರ್‌ಗಳ ಮೀಸಲು.

ತೂಕವೆಂದರೆ ಸ್ಪರ್ಧೆ ಇದ್ದಾಗ ಸಿಗುವ ಪಾಲು. ಎರಡನೆಯ ಆವೃತ್ತಿಯಲ್ಲಿ ಅದು 1ರಿಂದ 10,000ದವರೆಗಿನ ಸಂಖ್ಯೆ; ಬೇರೇನೂ ಹೇಳದಿದ್ದರೆ 100. ಒಂದು ಗುಂಪಿಗೆ 100, ಇನ್ನೊಂದಕ್ಕೆ 300 ಕೊಟ್ಟರೆ ಎರಡೂ ಪೂರ್ತಿ ದುಡಿಯುವಾಗ ಶೇ. 25 ಮತ್ತು ಶೇ. 75 ಪಾಲು ಸಿಗುತ್ತದೆ. ಎರಡನೆಯದು ಸುಮ್ಮನಿದ್ದರೆ ಮೊದಲನೆಯದೇ ಪೂರ್ತಿ ಬಳಸಬಹುದು. ಯಂತ್ರದ ಶಕ್ತಿ ವ್ಯರ್ಥವಾಗದಿರುವುದು ಈ ವಿಧಾನದ ದೊಡ್ಡ ಗುಣ. ಇದನ್ನು ಜಾರಿಗೊಳಿಸುವ ಶೆಡ್ಯೂಲರ್ 2007ರಿಂದ ಇಂಗೊ ಮೊಲ್ನಾರ್ ಬರೆದ ಸಿಎಫ್‌ಎಸ್ ಆಗಿತ್ತು. 2023ರ 6.6 ಕರ್ನಲ್‌ನಿಂದ ಆ ಜಾಗದಲ್ಲಿ ಇಇವಿಡಿಎಫ್ ಇದೆ. ಅಯಾನ್ ಸ್ಟೊಯಿಕಾ ಮತ್ತು ಹುಸೇನ್ ಅಬ್ದೆಲ್ ವಹಾಬ್ 1995ರಲ್ಲಿ ವಿವರಿಸಿದ ವಿಧಾನವನ್ನು ಆಧರಿಸಿ ಪೀಟರ್ ಝೈಲ್‌ಸ್ಟ್ರಾ ಅದನ್ನು ಲಿನಕ್ಸ್‌ಗೆ ತಂದರು. ಪಾಲು ನ್ಯಾಯವಾಗಿರುವುದರ ಜೊತೆಗೆ, ಆ ಪಾಲು ಎಷ್ಟು ಬೇಗ ಕೈಸೇರಬೇಕೆಂಬ ಗಡುವನ್ನೂ ಇದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಮೇಲ್ಮಿತಿ ಸ್ಪರ್ಧೆ ಇರಲಿ ಬಿಡಲಿ ಜಾರಿಯಲ್ಲಿರುತ್ತದೆ. ಒಂದು ಅವಧಿ, ಆ ಅವಧಿಯಲ್ಲಿ ಬಳಸಬಹುದಾದ ಸಮಯ ಎಂಬ ಎರಡು ಸಂಖ್ಯೆಗಳಿಂದ ಅದನ್ನು ಹೇಳುತ್ತಾರೆ. ವಾಡಿಕೆಯ ಅವಧಿ 100 ಮಿಲಿಸೆಕೆಂಡ್. ಒಂದು ಗುಂಪಿಗೆ 50 ಮಿಲಿಸೆಕೆಂಡ್ ಕೊಟ್ಟರೆ ಅದಕ್ಕೆ ಅರ್ಧ ಕೋರ್ ದಕ್ಕಿದಂತೆ. ಆದರೆ ಆ ಗುಂಪಿನಲ್ಲಿ ನಾಲ್ಕು ಥ್ರೆಡ್‌ಗಳಿದ್ದು ನಾಲ್ಕು ಕೋರ್‌ಗಳಲ್ಲಿ ಒಟ್ಟಿಗೆ ನಡೆದರೆ, 50 ಮಿಲಿಸೆಕೆಂಡ್‌ನ ಗಂಟು 12.5 ಮಿಲಿಸೆಕೆಂಡ್‌ನಲ್ಲಿ ಖಾಲಿಯಾಗುತ್ತದೆ. ಉಳಿದ 87.5 ಮಿಲಿಸೆಕೆಂಡ್ ಗುಂಪು ಪೂರ್ತಿ ನಿಲ್ಲುತ್ತದೆ, ಪಕ್ಕದ ಕೋರ್‌ಗಳು ಖಾಲಿ ಕುಳಿತಿದ್ದರೂ ಸಹ. ಸರಾಸರಿ ಬಳಕೆ ಕಡಿಮೆ ತೋರುತ್ತಿರುವಾಗಲೂ ವೆಬ್ ಸೇವೆಯ ಕೆಲವು ಉತ್ತರಗಳು ಏಕಾಏಕಿ ತಡವಾಗುವುದಕ್ಕೆ ಇದೊಂದು ಸಾಮಾನ್ಯ ಕಾರಣ. ಕೋರ್‌ಗಳಿಗೆ ಹಂಚಿದ ಸಮಯದ ಚೂರುಗಳು ಬಳಸದೆ ಅವಧಿ ಮೀರಿ ನಷ್ಟವಾಗುತ್ತಿದ್ದ ದೋಷವನ್ನು 2019ರ 5.4 ಕರ್ನಲ್‌ನಲ್ಲಿ ಸರಿಪಡಿಸಲಾಯಿತು. ಉಳಿಸಿದ ಸಮಯವನ್ನು ಮುಂದಿನ ಅವಧಿಗೆ ಒಂದು ಮಿತಿಯೊಳಗೆ ಒಯ್ಯುವ ಅವಕಾಶ 2021ರ 5.14ರಲ್ಲಿ ಬಂತು.

ಮೂರನೆಯದು ಕೆಲವು ಕೋರ್‌ಗಳನ್ನು ಒಂದು ಗುಂಪಿಗೇ ಬಿಟ್ಟುಕೊಡುವುದು. ಹಲವು ಪ್ರೊಸೆಸರ್ ಚಿಪ್‌ಗಳಿರುವ ಯಂತ್ರದಲ್ಲಿ ಪ್ರತಿ ಚಿಪ್‌ಗೂ ಹತ್ತಿರದ ಮೆಮೊರಿ, ದೂರದ ಮೆಮೊರಿ ಎಂಬ ಭೇದವಿರುವುದರಿಂದ, ಕೋರ್ ಮತ್ತು ಮೆಮೊರಿಯನ್ನು ಜೊತೆಗೇ ಮೀಸಲಿಡುವುದು ದೊಡ್ಡ ಡೇಟಾಬೇಸ್‌ಗಳಿಗೆ ಅನುಕೂಲ.

ಮೆಮೊರಿ ಹಂಚಿಕೆ

ಲಿನಕ್ಸ್‌ನಲ್ಲಿ ಅಪ್ಲಿಕೇಶನ್ ಮೆಮೊರಿ ಕೇಳಿದಾಗ ಕರ್ನಲ್ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ. ನಿಜವಾದ ಪುಟ ಕೊಡುವುದು ಅಪ್ಲಿಕೇಶನ್ ಆ ಜಾಗವನ್ನು ಮೊದಲ ಸಲ ಮುಟ್ಟಿದಾಗ. ಕೇಳಿದ್ದನ್ನೆಲ್ಲ ಯಾರೂ ಬಳಸುವುದಿಲ್ಲ ಎಂಬ ಅನುಭವದ ಮೇಲೆ ನಿಂತ ಕ್ರಮವಿದು. ಇದರಿಂದ ಒಂದೇ ಯಂತ್ರದಲ್ಲಿ ಹೆಚ್ಚು ಅಪ್ಲಿಕೇಶನ್‌ಗಳು ಹಿಡಿಸುತ್ತವೆ. ಆದರೆ ಕೊರತೆ ಬಿದ್ದಾಗ ಇಲ್ಲವೆಂದು ಹೇಳುವ ಸಂದರ್ಭ ಅಷ್ಟರಲ್ಲಿ ಕಳೆದುಹೋಗಿರುತ್ತದೆ.

ಕೊರತೆ ಬಿದ್ದಾಗ ಕರ್ನಲ್ ಮೊದಲು ಫೈಲ್‌ಗಳ ಪ್ರತಿಯಾಗಿ ಇಟ್ಟುಕೊಂಡ ಪುಟಗಳನ್ನು ಬಿಡುತ್ತದೆ. ಅವುಗಳ ಮೂಲ ಡಿಸ್ಕ್‌ನಲ್ಲೇ ಇರುವುದರಿಂದ ನಷ್ಟವಿಲ್ಲ. ಅಪ್ಲಿಕೇಶನ್ ತಾನೇ ಸೃಷ್ಟಿಸಿದ ಮಾಹಿತಿಯ ಪುಟಗಳು ಸ್ವಾಪ್‌ಗೆ ಹೋಗಬೇಕು. ಎರಡೂ ಸಾಲದಿದ್ದರೆ ಓಓಎಂ ಕಿಲ್ಲರ್ ಎಂಬ ವಿಧಾನ ಒಂದು ಪ್ರೊಸೆಸನ್ನು ಆಯ್ದು ಕೊಲ್ಲುತ್ತದೆ. ಆಯ್ಕೆಗೆ ಮೆಮೊರಿ ಬಳಕೆಯೇ ಮುಖ್ಯ ಆಧಾರ. ಆಡಳಿತಗಾರರು ಋಣ 1000ದಿಂದ ಧನ 1000ದವರೆಗಿನ ಅಂಕವೊಂದನ್ನು ಕೊಟ್ಟು ಇದನ್ನು ತಿದ್ದಬಹುದು. ಋಣ 1000 ಇದ್ದ ಪ್ರೊಸೆಸನ್ನು ಅದು ಮುಟ್ಟುವುದಿಲ್ಲ.

ಸಿಗ್ರೂಪ್ ಇದೇ ಕ್ರಮವನ್ನು ಗುಂಪಿನೊಳಗೆ ನಡೆಸುತ್ತದೆ. ಎರಡನೆಯ ಆವೃತ್ತಿಯಲ್ಲಿ ನಾಲ್ಕು ಗೆರೆಗಳಿವೆ. ಮ್ಯಾಕ್ಸ್ ದಾಟಲಾಗದ ಗೆರೆ. ಅಲ್ಲಿಗೆ ತಲುಪಿ ಪುಟಗಳನ್ನು ಬಿಡಿಸಿಕೊಳ್ಳಲಾಗದಿದ್ದರೆ ಗುಂಪಿನೊಳಗಿನ ಪ್ರೊಸೆಸ್ ಸಾಯುತ್ತದೆ, ನೆರೆಯ ಗುಂಪು ಉಳಿಯುತ್ತದೆ. ಹೈ ಅದಕ್ಕಿಂತ ಕೆಳಗಿನ ಗೆರೆ. ಅದನ್ನು ದಾಟಿದ ಗುಂಪಿನ ಓಟವನ್ನು ಕರ್ನಲ್ ನಿಧಾನಗೊಳಿಸಿ ಪುಟಗಳನ್ನು ಹಿಂಪಡೆಯುತ್ತದೆ, ಕೊಲ್ಲುವುದಿಲ್ಲ. ಲೋ ಮತ್ತು ಮಿನ್ ಮಿತಿಗಳಲ್ಲ, ರಕ್ಷಣೆಗಳು: ಇಷ್ಟರೊಳಗಿನ ಮೆಮೊರಿಯನ್ನು ಬೇರೆಯವರ ಅಗತ್ಯಕ್ಕಾಗಿ ಕಿತ್ತುಕೊಳ್ಳಬಾರದು ಎಂಬ ಭರವಸೆ. ಲೋ ಆದಷ್ಟು ಮಟ್ಟಿಗೆ ಪಾಲನೆಯಾಗುತ್ತದೆ, ಮಿನ್ ಕಡ್ಡಾಯ. ವಿನ್ಯಾಸದ ದೃಷ್ಟಿಯಿಂದ ಹೈ ಗೆರೆಯೇ ಹೆಚ್ಚು ಮಹತ್ವದ್ದು. ನಿಧಾನವಾಗುವುದು ಪ್ರೊಸೆಸರ್‌ನ ಲೋಕದ ಶಿಕ್ಷೆ. ಅದನ್ನು ಮೆಮೊರಿಗೆ ಅನ್ವಯಿಸಿ, ಸಾವಿಗೆ ಮುಂಚೆ ಎಚ್ಚರಗೊಳ್ಳುವ ಅವಕಾಶವನ್ನು ಈ ಗೆರೆ ಕೊಡುತ್ತದೆ.

ಲೆಕ್ಕ ಬರೆಯುವುದರಲ್ಲೂ ಒಂದು ಸೂಕ್ಷ್ಮವಿದೆ. ಹಲವು ಗುಂಪುಗಳು ಒಂದೇ ಫೈಲನ್ನು ಓದಿದರೆ ಅದರ ಪುಟಗಳ ಖರ್ಚು ಮೊದಲು ಮುಟ್ಟಿದ ಗುಂಪಿನ ಹೆಸರಿಗೇ ಬೀಳುತ್ತದೆ.

ಒತ್ತಡದ ಮಾಪನ

ಬಳಕೆಯ ಪ್ರಮಾಣ ನೋಡಿ ಕೊರತೆಯನ್ನು ತಿಳಿಯುವುದು ಕಷ್ಟ. ಫೈಲ್‌ಗಳ ಪ್ರತಿಗಳನ್ನು ಇಟ್ಟುಕೊಂಡು ಲಿನಕ್ಸ್ ಖಾಲಿ ಮೆಮೊರಿಯನ್ನೆಲ್ಲ ತುಂಬಿಸುವುದರಿಂದ, ನೆಮ್ಮದಿಯಾಗಿರುವ ಯಂತ್ರವೂ ತುಂಬಿದಂತೆಯೇ ಕಾಣುತ್ತದೆ. ಫೇಸ್‌ಬುಕ್‌ನ ಯೋಹಾನೆಸ್ ವೈನರ್ ರೂಪಿಸಿ 2018ರ ಡಿಸೆಂಬರ್‌ನ 4.20 ಕರ್ನಲ್‌ನಲ್ಲಿ ಸೇರಿದ ಪಿಎಸ್‌ಐ ಬೇರೆ ಪ್ರಶ್ನೆ ಕೇಳುತ್ತದೆ: ಸಂಪನ್ಮೂಲ ಸಿಗದೆ ಕೆಲಸಗಳು ಎಷ್ಟು ಹೊತ್ತು ಕಾದವು? ಉತ್ತರವನ್ನು ಕಳೆದ 10, 60 ಮತ್ತು 300 ಸೆಕೆಂಡ್‌ಗಳ ಸರಾಸರಿ ಶೇಕಡಾವಾರಿನಲ್ಲಿ, ಇಡೀ ಯಂತ್ರಕ್ಕೂ ಪ್ರತಿ ಗುಂಪಿಗೂ ಬೇರೆ ಬೇರೆಯಾಗಿ ಕೊಡುತ್ತದೆ. ಈ ಅಳತೆಯನ್ನು ನೋಡುತ್ತಾ, ಥ್ರಾಶಿಂಗ್ ಶುರುವಾಗುವ ಮುಂಚೆಯೇ ಕಡಿಮೆ ಮಹತ್ವದ ಗುಂಪನ್ನು ನಿಲ್ಲಿಸುವ ಪ್ರೋಗ್ರಾಮ್‌ಗಳು ಈಗ ಬಳಕೆಯಲ್ಲಿವೆ.

ವಿಧಗಳು

ಸಂಪನ್ಮೂಲ ನಿರ್ವಹಣೆಯನ್ನು ಅದು ನಡೆಯುವ ಮಟ್ಟದ ಪ್ರಕಾರ ವಿಂಗಡಿಸುವುದು ರೂಢಿ. ವರ್ಚುವಲ್ ಯಂತ್ರಗಳಲ್ಲಿ ಪ್ರತಿ ಬಳಕೆದಾರರಿಗೂ ಸ್ವಂತ ಕರ್ನಲ್ ಇರುತ್ತದೆ, ಹಂಚಿಕೆಯನ್ನು ಕೆಳಗಿನ ಹೈಪರ್‌ವೈಸರ್ ಮಾಡುತ್ತದೆ. ಒಳಗಿನ ಕರ್ನಲ್‌ನಿಂದ ಮೆಮೊರಿ ಹಿಂಪಡೆಯಲು ವಿಎಂವೇರ್ ಬಲೂನ್ ವಿಧಾನವನ್ನು ಬಳಸಿತು. ವಾಲ್ಡ್‌ಸ್ಪರ್ಗರ್ 2002ರಲ್ಲಿ ಅದನ್ನು ವಿವರಿಸಿದರು. ಒಳಗೆ ಇರಿಸಿದ ಚಿಕ್ಕ ಡ್ರೈವರ್ ಮೆಮೊರಿ ಕೇಳುತ್ತಾ ಉಬ್ಬುತ್ತದೆ. ಒಳಗಿನ ಕರ್ನಲ್ ತನಗೆ ಬೇಡವಾದ ಪುಟಗಳನ್ನು ತಾನೇ ಆರಿಸಿ ಬಿಟ್ಟುಕೊಡುತ್ತದೆ, ಹೈಪರ್‌ವೈಸರ್ ಅವನ್ನು ಬೇರೆ ಯಂತ್ರಕ್ಕೆ ಕೊಡುತ್ತದೆ.

ಕಂಟೇನರ್‌ಗಳಲ್ಲಿ ಕರ್ನಲ್ ಒಂದೇ, ಗೋಡೆಗಳು ಮಾತ್ರ ಬೇರೆ. 2008ರ ಎಲ್‌ಎಕ್ಸ್‌ಸಿ, 2013ರ ಡಾಕರ್ ಎರಡೂ ಸಿಗ್ರೂಪ್‌ನ ಮೇಲೆ ನಿಂತಿವೆ. ಸಣ್ಣ ಜಾಲತಾಣಗಳ ಹೋಸ್ಟಿಂಗ್‌ನಲ್ಲಿ ಕ್ಲೌಡ್‌ಲಿನಕ್ಸ್‌ನ ಎಲ್‌ವಿಇ ಬಳಕೆಯಲ್ಲಿದೆ. ಪ್ರತಿ ಗ್ರಾಹಕರ ಖಾತೆಗೂ ಅದು ಪ್ರತ್ಯೇಕ ಮಿತಿ ಹಾಕುತ್ತದೆ; ಮಿತಿ ಮುಟ್ಟಿದ ತಾಣಕ್ಕೆ ಭೇಟಿ ಕೊಟ್ಟವರಿಗೆ 508 ಎಂಬ ದೋಷಸಂಖ್ಯೆ ಕಾಣಿಸಬಹುದು.

ವಿಂಡೋಸ್ 2000ದಿಂದ ಪ್ರೊಸೆಸ್‌ಗಳ ಗುಂಪಿಗೆ ಮಿತಿ ಹಾಕುವ ಜಾಬ್ ಆಬ್ಜೆಕ್ಟ್ ಇದೆ. ವಿಂಡೋಸ್ ಸರ್ವರ್ 2003ರ ಕಾಲದಲ್ಲಿ ಮೈಕ್ರೋಸಾಫ್ಟ್ ಕೊಟ್ಟ ಸಿಸ್ಟಮ್ ರಿಸೋರ್ಸ್ ಮ್ಯಾನೇಜರ್ ಪ್ರೊಸೆಸ್, ಬಳಕೆದಾರ ಅಥವಾ ಸೆಷನ್‌ಗೆ ಸಮಪಾಲು ನೀಡುವ ನೀತಿಗಳನ್ನು ಹೊಂದಿತ್ತು. ಪ್ರೊಸೆಸರ್‌ನ ಒಟ್ಟು ಹೊರೆ ಶೇ. 70 ದಾಟಿದಾಗ ಮಾತ್ರ ಅದು ಮಧ್ಯೆ ಪ್ರವೇಶಿಸುತ್ತಿತ್ತು. ವಿಂಡೋಸ್ ಸರ್ವರ್ 2012ರಿಂದ ಅದನ್ನು ಕೈಬಿಡುವ ಸೌಲಭ್ಯಗಳ ಪಟ್ಟಿಗೆ ಸೇರಿಸಲಾಯಿತು.

ಬಳಕೆ

ಸಾವಿರಾರು ಸರ್ವರ್‌ಗಳ ಮಟ್ಟದಲ್ಲಿ ಹಂಚಿಕೆಯನ್ನು ಯೋಜಿಸುವ ಪ್ರೋಗ್ರಾಮ್‌ಗಳಲ್ಲಿ ಕುಬರ್ನೆಟಿಸ್ ಪ್ರಮುಖವಾದದ್ದು. ತನ್ನೊಳಗೆ ಬಳಸುತ್ತಿದ್ದ ಬೋರ್ಗ್ ವ್ಯವಸ್ಥೆಯ ಅನುಭವದಿಂದ ಗೂಗಲ್ 2014ರಲ್ಲಿ ಇದನ್ನು ಪ್ರಕಟಿಸಿತು. ಇಲ್ಲಿ ಅಪ್ಲಿಕೇಶನ್‌ನ ಪ್ರತಿ ಕಂಟೇನರ್‌ಗೂ ಕೋರಿಕೆ ಮತ್ತು ಮಿತಿ ಎಂಬ ಎರಡು ಸಂಖ್ಯೆಗಳನ್ನು ಬರೆಯಬಹುದು. ಒಂದು ಕೋರನ್ನು 1000 ಮಿಲಿ ಭಾಗಗಳಾಗಿ ಎಣಿಸುತ್ತಾರೆ. ಯಾವ ಸರ್ವರ್‌ನಲ್ಲಿ ಜಾಗವಿದೆ ಎಂದು ಹುಡುಕುವುದು ಕೋರಿಕೆಯ ಆಧಾರದಲ್ಲಿ. ಪ್ರೊಸೆಸರ್‌ನ ಕೋರಿಕೆಯೇ ಸಿಗ್ರೂಪ್‌ನ ತೂಕವಾಗಿ ಪರಿವರ್ತನೆಯಾಗುತ್ತದೆ. ಮಿತಿಯ ಸಂಖ್ಯೆ ಮೇಲ್ಮಿತಿಯಾಗುತ್ತದೆ. ಪ್ರೊಸೆಸರ್ ಮಿತಿ ಮೀರಿದ ಕಂಟೇನರ್ ನಿಧಾನವಾಗುತ್ತದೆ. ಮೆಮೊರಿ ಮಿತಿ ಮೀರಿದ್ದು ಸತ್ತು, ನಿರ್ಗಮನ ಸಂಖ್ಯೆ 137 ಎಂದು ದಾಖಲಾಗುತ್ತದೆ. ಇದು 128ಕ್ಕೆ ಕೊಲ್ಲುವ ಸಂಕೇತದ ಸಂಖ್ಯೆ 9 ಸೇರಿದ ಮೊತ್ತ.

ಈ ಸಂಖ್ಯೆಗಳ ಪ್ರಕಾರ ಮೂರು ದರ್ಜೆಗಳಾಗುತ್ತವೆ. ಪ್ರೊಸೆಸರ್, ಮೆಮೊರಿ ಎರಡಕ್ಕೂ ಕೋರಿಕೆಯೇ ಮಿತಿಯಾಗಿದ್ದರೆ ಗ್ಯಾರಂಟೀಡ್, ಏನನ್ನೂ ಬರೆಯದಿದ್ದರೆ ಬೆಸ್ಟ್ ಎಫರ್ಟ್, ನಡುವಿನವೆಲ್ಲ ಬರ್ಸ್ಟಬಲ್. ಸರ್ವರ್‌ನಲ್ಲಿ ಮೆಮೊರಿ ಮುಗಿದಾಗ ಬೆಸ್ಟ್ ಎಫರ್ಟ್ ದರ್ಜೆಯವು ಮೊದಲು ಬಲಿಯಾಗುವಂತೆ ಅವುಗಳ ಓಓಎಂ ಅಂಕವನ್ನು 1000ಕ್ಕೆ, ಗ್ಯಾರಂಟೀಡ್‌ನವುಗಳದನ್ನು ಋಣ 997ಕ್ಕೆ ಇಡಲಾಗುತ್ತದೆ.

ತೊಡಕುಗಳು

ತನಗೆ ಮಿತಿ ಇದೆಯೆಂದು ಅಪ್ಲಿಕೇಶನ್‌ಗೇ ತಿಳಿಯದಿರುವುದು ದೀರ್ಘಕಾಲ ಕಾಡಿದ ತೊಡಕು. ಜಾವಾ ಪ್ರೋಗ್ರಾಮ್‌ಗಳನ್ನು ನಡೆಸುವ ಜಾವಾ ವರ್ಚುವಲ್ ಯಂತ್ರ ಇಡೀ ಸರ್ವರ್‌ನ ಮೆಮೊರಿಯ ಕಾಲುಭಾಗವನ್ನು ತನ್ನ ಗರಿಷ್ಠ ಹೀಪ್, ಅಂದರೆ ಮಾಹಿತಿ ಇಡುವ ಜಾಗ, ಎಂದು ಭಾವಿಸುತ್ತಿತ್ತು. 64 ಗಿಗಾಬೈಟ್ ಸರ್ವರ್‌ನಲ್ಲಿ 2 ಗಿಗಾಬೈಟ್ ಮಿತಿಯ ಕಂಟೇನರ್‌ನೊಳಗೆ ಕುಳಿತು ಅದು 16 ಗಿಗಾಬೈಟ್‌ವರೆಗೆ ಬೆಳೆಯಲು ಹೊರಟು ಕೊಲ್ಲಲ್ಪಡುತ್ತಿತ್ತು. 2018ರ ಜಾವಾ 10 ಸಿಗ್ರೂಪ್ ಮಿತಿಯನ್ನು ಓದಲು ಆರಂಭಿಸಿತು. ಅದೇ ವರ್ಷ ಜಾವಾ 8ಕ್ಕೂ ಆ ತಿದ್ದುಪಡಿ ಬಂತು. ಗೋ ಭಾಷೆ ಪ್ರೊಸೆಸರ್ ಮಿತಿಯನ್ನು ತಾನಾಗಿ ಗಮನಿಸತೊಡಗಿದ್ದು 2025ರ 1.25 ಆವೃತ್ತಿಯಲ್ಲಿ.

ಸಮಯ ಮತ್ತು ಪುಟಗಳನ್ನು ಎಷ್ಟೇ ನ್ಯಾಯವಾಗಿ ಹಂಚಿದರೂ ಚಿಪ್‌ನೊಳಗಿನ ಕ್ಯಾಶ್ ಮತ್ತು ಮೆಮೊರಿಗೆ ಹೋಗಿಬರುವ ದಾರಿ ಎಲ್ಲರಿಗೂ ಒಂದೇ. ಹೆಚ್ಚು ಮಾಹಿತಿ ಎಳೆಯುವ ಅಪ್ಲಿಕೇಶನ್ ಪಕ್ಕದ ಕೋರ್‌ನದನ್ನು ನಿಧಾನಗೊಳಿಸಬಲ್ಲದು. ಇದಕ್ಕಾಗಿ ಇಂಟೆಲ್ ಕ್ಯಾಶನ್ನು ಭಾಗ ಮಾಡುವ ಸೌಲಭ್ಯವನ್ನು ಚಿಪ್‌ನಲ್ಲೇ ಒದಗಿಸಿತು; ಲಿನಕ್ಸ್ 2017ರ 4.10ರಿಂದ ಅದನ್ನು ಬಳಸಬಲ್ಲದು. ಒಂದೇ ಕೋರ್‌ನ ಎರಡು ಹಾರ್ಡ್‌ವೇರ್ ಥ್ರೆಡ್‌ಗಳಲ್ಲಿ ಪರಸ್ಪರ ನಂಬಿಕೆಯಿಲ್ಲದ ಗುಂಪುಗಳು ಒಟ್ಟಿಗೆ ನಡೆಯದಂತೆ ತಡೆಯುವ ಕೋರ್ ಶೆಡ್ಯೂಲಿಂಗ್ 5.14ರಲ್ಲಿ ಸೇರಿತು.

ಇಂದಿನ ಸ್ಥಿತಿ

ಸಿಗ್ರೂಪ್‌ನ ಎರಡನೆಯ ಆವೃತ್ತಿ ಈಗ ರೂಢಿಯಾಗಿದೆ. 2019ರಲ್ಲಿ ಫೆಡೋರಾ 31, ಮುಂದೆ ಡೆಬಿಯನ್ 11, ಉಬುಂಟು 21.10, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಅದನ್ನೇ ಮೂಲ ಆಯ್ಕೆಯಾಗಿಸಿದವು. ಕುಬರ್ನೆಟಿಸ್ 2024ರ 1.31ರಲ್ಲಿ ಮೊದಲ ಆವೃತ್ತಿಯ ಬೆಂಬಲವನ್ನು ನಿರ್ವಹಣೆಗಷ್ಟೇ ಸೀಮಿತಗೊಳಿಸಿತು. 2022ರ 6.1 ಕರ್ನಲ್‌ನಲ್ಲಿ ಬಂದ ಬಹುಪೀಳಿಗೆಯ ಎಲ್‌ಆರ್‌ಯು ಯಾವ ಪುಟ ಎಷ್ಟು ಹಿಂದೆ ಬಳಕೆಯಾಗಿದೆ ಎಂಬುದನ್ನು ಮೊದಲಿಗಿಂತ ನಿಖರವಾಗಿ ಗುರುತಿಸುತ್ತದೆ. 2024ರ 6.12ರಲ್ಲಿ ಸೇರಿದ ಶೆಡ್‌ಎಕ್ಸ್ಟ್, ಕರ್ನಲ್‌ನ ಶೆಡ್ಯೂಲರನ್ನು ಯಂತ್ರ ನಡೆಯುತ್ತಿರುವಾಗಲೇ ಬೇರೊಂದರಿಂದ ಬದಲಿಸುವ ಅವಕಾಶ ಕೊಟ್ಟಿದೆ. ಒಂದು ಸಂಸ್ಥೆಯ ಕೆಲಸದ ಸ್ವಭಾವಕ್ಕೆ ಹೊಂದುವ ಹಂಚಿಕೆ ನಿಯಮವನ್ನು ಆ ಸಂಸ್ಥೆಯೇ ಬರೆಯುವುದು ಇದರಿಂದ ಸಾಧ್ಯ.

ನಡೆಯುತ್ತಿರುವ ಕಂಟೇನರನ್ನು ನಿಲ್ಲಿಸದೆ ಅದರ ಪಾಲನ್ನು ಹಿಗ್ಗಿಸುವ, ಕುಗ್ಗಿಸುವ ಸೌಲಭ್ಯವನ್ನು ಕುಬರ್ನೆಟಿಸ್ 1.27ರಲ್ಲಿ ಪ್ರಯೋಗಕ್ಕಿಟ್ಟು 2025ರ 1.33ರಲ್ಲಿ ಬೀಟಾ ಹಂತಕ್ಕೆ ತಂದಿತು. ಪ್ರೊಸೆಸರ್ ಪಾಲನ್ನು ಎರಡೂ ಕಡೆಗೆ ಬದಲಿಸುವುದು ಅಲ್ಲಿ ಸುಲಭ. ಮೆಮೊರಿಯ ಮಿತಿಯನ್ನು ತಗ್ಗಿಸುವುದು ಮಾತ್ರ ಅಪ್ಲಿಕೇಶನ್ ಆಗಲೇ ಬಳಸುತ್ತಿರುವ ಪುಟಗಳನ್ನು ಬಿಟ್ಟುಕೊಡುವುದನ್ನು ಅವಲಂಬಿಸಿದೆ.